ಡ್ರಾಫ್ಟಿನಲ್ಲಿ ಉಳಿದವರು

ಡ್ರಾಫ್ಟ್ ಹಾಗೇ ಇತ್ತು. ಒಂದಕ್ಷರ ಆಚೀಚೆ ಆಗಿರಲಿಲ್ಲ. ಅಳಿಸಿ ಹಾಕಿದ್ದರೆ ಯಾರೋ ತಿಳಿಯದೆ ಏನನ್ನೋ ಒತ್ತಿದರು ಎಂದಾದರೂ ಅನ್ನಪೂರ್ಣ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅಳಿಸಿರಲಿಲ್ಲ. ಅವಳದನ್ನು ಅವಳಿಗೇ ಬಿಟ್ಟು, ಪಕ್ಕದಲ್ಲಿ ಇನ್ನೊಂದನ್ನು ಮಾಡಿ, ಅದಕ್ಕೆ ಹಸಿರು ಚುಕ್ಕೆ ಹಚ್ಚಿ ನಿನ್ನೆ ಸಂಜೆಯೇ ಲೈವ್ ಬಿಟ್ಟಿದ್ದರು. ಕೆಳಗೆ ಅಂಗಡಿಯ ಬಾಗಿಲಿಗೆ ಮಾವಿನೆಲೆ ಕಟ್ಟುವವರು ಏಣಿಗಾಗಿ ಜಗಳವಾಡುತ್ತಿದ್ದರು. ಶ್ರಾವಣದ ಶುಕ್ರವಾರ. ಮೆಟ್ಟಿಲ ನಡುವಿನ ಅಟ್ಟದಂಥ ಜಾಗದಲ್ಲಿ, ಹಳೆಯ ಸೀರೆ ಪೆಟ್ಟಿಗೆಗಳ ವಾಸನೆಯ ಮಧ್ಯೆ, ಅವಳು ಲ್ಯಾಪ್‌ಟಾಪಿನ ಮುಂದೆ ಕುಳಿತೇ ಇದ್ದಳು. ಅತ್ತ ಕಂಪ್ಲಿಯಲ್ಲಿ ಅವ್ವ ಬಸ್ಸು ಹತ್ತಿಯಾಗಿತ್ತು. ಹತ್ತುವ ಮೊದಲು ಫೋನ್ ಮಾಡಿ, 'ತಲಿ ಎರಕೊಂಡು ಹೊಂಟೀನಿ, ಹೊಸಾ ಸೀರಿ ಉಟ್ಟೀನಿ' ಎಂದು ಹೇಳಿದ್ದಳು. ಆಗ ಅನ್ನಪೂರ್ಣ ನಕ್ಕಿದ್ದಳು.

ಹೊಸಪೇಟೆಯ ಆ ಸೀರೆ ಅಂಗಡಿಯಿಂದ ಗಿರಾಕಿಗಳಿಗೆ ಹೋಗುವ ವಾಟ್ಸ್ಆ್ಯಪ್ ಮಾತುಗಳೆಲ್ಲ ಅವಳ ಕೈಯಿಂದಲೇ ಹೋಗುವಂಥವು. ಕೈಯಿಂದ ಎಂದರೆ ಒಂದೊಂದಾಗಿ ಕಳಿಸುವುದಲ್ಲ. ಯಾರಿಗೆ, ಯಾವಾಗ, ಯಾವ ಮಾತು ಎಂದು ಒಮ್ಮೆ ದಾರಿ ಹಾಕಿಕೊಟ್ಟರೆ ಸಾಫ್ಟ್‌ವೇರು ತಾನೇ ನಡೆಸಿಕೊಂಡು ಹೋಗುತ್ತಿತ್ತು. ಆ ದಾರಿಗೆ ವರ್ಕ್‌ಫ್ಲೋ ಎಂದು ದೊಡ್ಡ ಹೆಸರು. ಅದನ್ನು ಮೊದಲು ಡ್ರಾಫ್ಟಿನಲ್ಲಿ ಕಟ್ಟಬೇಕು. ಡ್ರಾಫ್ಟಿನಲ್ಲಿ ಎಷ್ಟು ಬೇಕಾದರೂ ಕಟ್ಟಿ ಕೆಡವಬಹುದು, ಜಗತ್ತಿಗೆ ಸುಳಿವು ಹತ್ತುವುದಿಲ್ಲ. ಪಬ್ಲಿಷ್ ಒತ್ತಿದ ಗಳಿಗೆಗೆ ಅದು ಲೈವ್. ಆಮೇಲೆ ಹೋದ ಮಾತು ಹೋಯಿತು. ಅವಳ ಡ್ರಾಫ್ಟಿಗೂ ಈ ಲೈವಿಗೂ ಇದ್ದ ವ್ಯತ್ಯಾಸ ಒಂದೇ ಒಂದು ಮೆಟ್ಟಿಲು. ಶ್ರಾವಣದ ಉಡಿ ತುಂಬುವ ಕರೆ ಯಾರಿಗೆ ಎಂಬಲ್ಲಿ ಅವಳದರಲ್ಲಿ 'ಎಲ್ಲ ಹೆಣ್ಣುಮಕ್ಕಳಿಗೆ' ಎಂದಿತ್ತು. ಇದರಲ್ಲಿ ಅದರ ಕೆಳಗೆ, 'ವಾರ್ಷಿಕೋತ್ಸವ ಬೇಡ' ಎಂಬ ಟ್ಯಾಗ್ ಇದ್ದವರನ್ನು ಬಿಟ್ಟು, ಎಂದಿತ್ತು. ಆ ಟ್ಯಾಗನ್ನು ಹುಟ್ಟಿಸಿದವಳು ಅವಳೇ. ಪಬ್ಲಿಷ್ ಮಾಡಿದವರ ಹೆಸರಿನ ಜಾಗದಲ್ಲಿ ಸ್ಫೂರ್ತಿ ಎಂದಿತ್ತು. ಅನ್ನಪೂರ್ಣ ಆ ಹೆಸರನ್ನು ಎಷ್ಟು ಹೊತ್ತು ನೋಡಿದಳೋ, ಪರದೆ ತಾನಾಗಿಯೇ ಮಸುಕಾಯಿತು.

ಸ್ಫೂರ್ತಿ ಈ ಅಂಗಡಿಯ ಸೊಸೆ. ಅದಕ್ಕೂ ಮೊದಲು ಕಾಲೇಜಿನಲ್ಲಿ ಅನ್ನಪೂರ್ಣಳ ಬೆಂಚಿನವಳು. ಅಂಗಡಿಯೊಳಗೆ ಅವಳನ್ನು 'ಅಕ್ಕಾರ' ಎಂದು ಬಹುವಚನದಲ್ಲಿ ಕರೆಯಬೇಕು, ಕಾಲುವೆ ದಂಡೆಗೆ ಮಿರ್ಚಿ ತಿನ್ನಲು ಹೋದರೆ 'ಲೇ' ಎನ್ನಬಹುದು, ಅಲ್ಲಿ ಸ್ಫೂರ್ತಿಗೆ ಇವಳು ಬರೀ 'ಅನ್ನೂ'. ಈ ಎರಡು ನಾಲಿಗೆಯ ಬಾಳು ಅನ್ನಪೂರ್ಣಳಿಗೆ ಎಂದೂ ಕಷ್ಟವೆನಿಸಿರಲಿಲ್ಲ, ಉಲ್ಟಾ ಒಂದು ಆಟದ ಹಾಗಿತ್ತು. ಟ್ಯಾಗಿನ ವಿಷಯವನ್ನು ಮೊದಲು ಹೇಳಿದ್ದೂ ಅವಳಿಗೇ. ಮದುವೆಯ ಸೀರೆ ತೆಗೆದುಕೊಂಡವರಿಗೆ ಪ್ರತಿ ವರ್ಷ ಅದೇ ದಿನ 'ನಿಮ್ಮ ದಾಂಪತ್ಯ ನೂರು ಕಾಲ ಬಾಳಲಿ' ಎಂದು ಅಂಗಡಿಯಿಂದ ಮಾತು ಹೋಗುತ್ತಿತ್ತು. ಒಂದು ದಿನ ಮರಿಯಮ್ಮನಹಳ್ಳಿಯಿಂದ ಜಂಬವ್ವ ಎನ್ನುವ ಹೆಂಗಸು ಫೋನ್ ಮಾಡಿ, ಬೈಯದೆ, ದನಿ ಏರಿಸದೆ, 'ಅವರು ಹೋಗಿ ಭಾಳ ದಿನ ಆತವ್ವಾ, ಇನ್ನ ಕಳಿಸಬ್ಯಾಡ್ರಿ, ಹುಡುಗ್ರು ಓದಿ ಅಳ್ತಾವ' ಎಂದಿದ್ದಳು. ಬೈದಿದ್ದರೆ ಅನ್ನಪೂರ್ಣ ಮರೆತುಬಿಡುತ್ತಿದ್ದಳು. ಅಂದಿನಿಂದ ಬಿಡುವು ಸಿಕ್ಕ ಮಧ್ಯಾಹ್ನಗಳಲ್ಲೆಲ್ಲ ಕುಳಿತು ಹಳೆಯ ಗಿರಾಕಿಗಳಿಗೆ ತಾನೇ ಫೋನ್ ಹಚ್ಚಿದಳು. ಸೀರೆಯ ಮಾತು ತೆಗೆದು, ಮಕ್ಕಳ ಮಾತು ತೆಗೆದು, ಮೆಲ್ಲಗೆ ಮನೆಯವರ ಮಾತಿಗೆ ಬರುವಳು. ಆ ಕಡೆ ಒಂದು ಕ್ಷಣ ಮೌನವಾದರೆ ಸಾಕು, ಅವಳಿಗೆ ತಿಳಿಯುತ್ತಿತ್ತು. ಮಲಪನಗುಡಿಯ ಒಬ್ಬಾಕೆ ಅರ್ಧ ತಾಸು ಅತ್ತಿದ್ದಳು. ಕುರೆಕುಪ್ಪದ ಇನ್ನೊಬ್ಬಾಕೆ, ಗಂಡ ಫ್ಯಾಕ್ಟರಿಗೆ ಹೋದವನು ಹೆಣವಾಗಿ ಬಂದದ್ದನ್ನು, ಅಡುಗೆ ಮಾಡುತ್ತಾ ಮಾಡುತ್ತಾ, ಒಗ್ಗರಣೆಯ ಸದ್ದಿನ ನಡುವೆ ಹೇಳಿದ್ದಳು. ಒಬ್ಬೊಬ್ಬರ ಹೆಸರಿನ ಮುಂದೆಯೂ ಅನ್ನಪೂರ್ಣ ಆ ಟ್ಯಾಗ್ ಹಾಕಿದಳು. ಇನ್ನು ಇವರಿಗೆ ನೋವು ತಟ್ಟಬಾರದು ಎಂದು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಹಾಕಿದಳು. ಕೊನೆಗೆ ಅವ್ವನ ಹೆಸರಿಗೂ ಹಾಕಿದಳು. ಅವ್ವನೂ ಇದೇ ಅಂಗಡಿಯ ಗಿರಾಕಿಯಲ್ಲವೇ.

ಅಗುಳಿ ಅವಳು ಹಾಕಿದ್ದು, ಹೊರಗೆ ಉಳಿದವರು ಅವರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಸ್ಫೂರ್ತಿ ಅವರನ್ನೆಲ್ಲ ತೆಗೆದು ಹಾಕಿದ್ದಳು. ಅನ್ನಪೂರ್ಣಳಿಗೆ ಮೈಯೆಲ್ಲ ಉರಿಯಿತು. ಮನೆಯವರು ಲೈವ್ ಬಿಟ್ಟದ್ದನ್ನು ತಿದ್ದುವ ಹಕ್ಕು ಅವಳಿಗಿರಲಿಲ್ಲ, ಟ್ಯಾಗು ಮಾತ್ರ ಅವಳದು; ಈಗಲೇ ಅದನ್ನು ಕಿತ್ತೊಗೆಯಬೇಕು ಎಂದು ಮೌಸ್ ಹಿಡಿದಳು. ಕಿತ್ತರೆ ಉಡಿಯ ದಾರಿಗೆ ಅವರು ಬರುತ್ತಾರೆ, ನಿಜ; ಆ ದಾರಿಗೆ ಬಂದವರೇ ನಾಳೆಯಿಂದ ದಾಂಪತ್ಯ ನೂರು ಕಾಲ ಬಾಳಲಿ ಎಂಬ ದಾರಿಗೂ ಬೀಳುತ್ತಾರೆ. ಜಂಬವ್ವನ ಹುಡುಗರು ಮತ್ತೆ ಓದುತ್ತಾರೆ. ಇಟ್ಟರೂ ತಪ್ಪು, ಕಿತ್ತರೂ ತಪ್ಪು ಎನ್ನುವ ಹಾಗೆ ತನ್ನ ಒಳ್ಳೆಯತನವನ್ನೇ ತಿರುಚಿ ತನ್ನ ಕೈಗೆ ಕೊಟ್ಟಿದ್ದಾರಲ್ಲ ಎಂದು ಅವಳಿಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಮೌಸ್ ಬಿಟ್ಟಳು.

ಪ್ರತಿ ಶ್ರಾವಣದಲ್ಲೂ ಮಾಲೀಕ ಜಡೆಪ್ಪನವರ ಹೆಂಡತಿ ನೀಲಗಂಗಮ್ಮ ಮೇಲಿನ ಮಹಡಿಯಲ್ಲಿ ಕುಳಿತು, ಬಂದ ಗಿರಾಕಿ ಹೆಣ್ಣುಮಕ್ಕಳ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕಿ ಉಡಿ ತುಂಬುವುದು ಅಂಗಡಿಯ ಪದ್ಧತಿ. ಗಿರಾಕಿ ಹೆಣ್ಣುಮಕ್ಕಳೆಂದರೆ ಮುತ್ತೈದೆಯರು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸೀರೆ ಮಾರುವಾಗ ಮಾತ್ರ ಎಲ್ಲರೂ ಹೆಣ್ಣುಮಕ್ಕಳೇ. ಈ ಸಲ ಎಲ್ಲರಿಗೂ ತುಂಬೋಣ ಎಂದು ಅನ್ನಪೂರ್ಣ ಕಾಲುವೆ ದಂಡೆಯಲ್ಲಿ ಕುಳಿತು ಹೇಳಿದಾಗ ಸ್ಫೂರ್ತಿಯ ಕಣ್ಣುಗಳು ತುಂಬಿದ್ದವು. 'ಮಾಡು ಅನ್ನೂ, ನಾ ಅದೀನಿ' ಎಂದಿದ್ದಳು. ಆಮೇಲೆ ಒಂದು ದಿನ 'ಅತ್ತಿ ಒಪ್ಯಾರ' ಎಂದೂ ಹೇಳಿದ್ದಳು. ಮೂಗಿಗೆ ತುಪ್ಪ ಸವರಿದ್ದು ಎಂದು ಯಾರಿಗೆ ಗೊತ್ತಾಗಬೇಕು. ತುಪ್ಪದ ಗಮವೇ ತಲೆಗೆ ಏರಿತ್ತು. ಆ ಉಮೇದಿಯಲ್ಲಿ ಅನ್ನಪೂರ್ಣ ಮೆಸೇಜಿನ ಮಾತನ್ನು ಹತ್ತು ಸಲ ತಿದ್ದಿ ಬರೆದಳು. 'ಅಕ್ಕಾ, ಈ ಶ್ರಾವಣ ಶುಕ್ರವಾರ ನಮ್ಮ ಅಂಗಡಿಗೆ ಬರ್ರಿ, ನಿಮ್ಮ ಉಡಿ ತುಂಬತೀವಿ. ಯಾರೂ ಬರಬಾರದು ಅಂತ ಇಲ್ಲ.' ಬರೆದ ಮೇಲೆ ಹೇಗೆ ಕಾಣುತ್ತದೆ ನೋಡಲು ಡ್ರಾಫ್ಟಿನಿಂದಲೇ ಒಂದು ಟೆಸ್ಟ್ ಮೆಸೇಜ್ ಕಳಿಸಬಹುದು. ತನ್ನ ನಂಬರಿಗೆ ಕಳಿಸಿಕೊಳ್ಳುವುದು ಕ್ರಮ. ಅವಳು ಅವ್ವನ ನಂಬರಿಗೆ ಕಳಿಸಿದಳು.

ಅವ್ವ ತಾಯಕ್ಕ ಕಂಪ್ಲಿಯಲ್ಲಿ ಭತ್ತದ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಮುಂದಾಳು. ಗದ್ದೆಯಲ್ಲಿ ಅವಳ ದನಿ ಎದ್ದರೆ ಗದ್ದೆಯ ಮಾಲೀಕನೇ ಬದುವಿನ ಮೇಲೆ ಸರಿದು ನಿಲ್ಲುತ್ತಾನೆ. ಅದೇ ತಾಯಕ್ಕ ಅಪ್ಪ ಸತ್ತ ಮೇಲೆ ನೆಂಟರ ಮನೆಯ ಶುಭಕಾರ್ಯಗಳಲ್ಲಿ, ಉಡಿ ತುಂಬುವವರು ಸಾಲಿನಲ್ಲಿ ತನ್ನ ಹತ್ತಿರ ಬರುವ ಮೊದಲೇ, 'ಸಾರು ಉಕ್ಕತೈತಿ, ನೋಡ್ತೀನಿ' ಎಂದು ಎದ್ದು ಹೋಗುತ್ತಿದ್ದಳು. ಒಮ್ಮೆ ಹೈಸ್ಕೂಲಿನ ಹುಡುಗಿ ಅನ್ನಪೂರ್ಣ ಹಿಂದೆಯೇ ಹೋಗಿ ನೋಡಿದ್ದಳು. ಒಲೆಯ ಮೇಲೆ ಸಾರೇ ಇರಲಿಲ್ಲ. ಅವ್ವ ತಣ್ಣಗಿನ ಒಲೆಯ ಮುಂದೆ ನಿಂತು ಬೆರಳಿನ ಗೆಣ್ಣು ಮುರಿಯುತ್ತಿದ್ದಳು. ಆ ಅವ್ವ ಈಗ ಮೆಸೇಜನ್ನು ಓಣಿಯ ಹುಡುಗಿಯರಿಂದ ಓದಿಸಿ, ಕೇಳಿದ್ದನ್ನೇ ಮತ್ತೆ ಕೇಳಿ, ಗುಂಪಿನವರಿಗೆಲ್ಲ ತೋರಿಸಿದ್ದಳಂತೆ. ಊರೆಲ್ಲ ನಾಟಿಯ ಗಡಿಬಿಡಿಯಲ್ಲಿ ಇರುವಾಗ ಕೆಲಸ ಬಿಟ್ಟು ಬರುತ್ತಿದ್ದಾಳೆ. ಅವಳು ಕೆಲಸ ಬಿಟ್ಟದ್ದನ್ನು ಕಂಪ್ಲಿಯಲ್ಲಿ ಯಾರೂ ನೋಡಿದವರಿಲ್ಲ.

ಅನ್ನಪೂರ್ಣ ಫೋನ್ ಹಚ್ಚಿದಳು. ಬಸ್ಸಿನ ಗದ್ದಲದಲ್ಲಿ ಅವ್ವನ ದನಿ ಕೂಗಿದ ಹಾಗೆ ಬಂತು. "ಬುಕ್ಕಸಾಗರ ದಾಟೇತಿ. ಕಿಡಕಿ ಕಡೆ ಸೀಟು ಸಿಕ್ಕೇತಿ."

"ಅವ್ವಾ, ಇವತ್ತು ಭಾಳ ಗದ್ದಲ ಐತಿ ಇಲ್ಲಿ."

"ಇರಲಿ ಬಿಡು. ಉಡಿ ತುಂಬೂದಂದ್ರ ಗದ್ದಲ ಇರಂಗಿಲ್ಲೇನು. ನಿಂದ್ರತೀನಿ ಪಾಳಿಗೆ."

"ಹಂಗಲ್ಲವ್ವಾ…"

"ಕಂಡಕ್ಟರ್ ಬಂದ, ಇಡು."

ಅನ್ನಪೂರ್ಣ ಇಟ್ಟಳು. ಮತ್ತೆ ಹಚ್ಚಬಹುದಿತ್ತು. ಕಮಲಾಪುರದಲ್ಲಿ ಇಳಿದು ತಿರುಗಿ ಹೋಗು, ನಿನ್ನ ಹೆಸರು ಇಲ್ಲ ಎಂದು ಹೇಳಬಹುದಿತ್ತು. ಹೇಳುವ ಬಾಯಿ ಯಾವುದು. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಕೆಳಗಿಳಿದಳು.

ಸ್ಫೂರ್ತಿ ಹೂವಿನವಳ ಹತ್ತಿರ ಮೊಳ ಹಾಕಿಸುತ್ತಿದ್ದಳು. ಹಸಿರು ಇಳಕಲ್ ಸೀರೆ, ತಲೆ ತುಂಬ ಮಲ್ಲಿಗೆ, ಕೈತುಂಬ ಬಳೆ. ಚೆಂದ ಕಾಣುತ್ತಿದ್ದಳು, ಅದೂ ಅನ್ನಪೂರ್ಣಳಿಗೆ ಸಹಿಸದಾಯಿತು.

"ಅಕ್ಕಾರ, ಒಂದ್ನಿಮಿಷ ಮ್ಯಾಲ ಬರ್ರಿ."

ಅಟ್ಟಕ್ಕೆ ಬಂದದ್ದೇ ಸ್ಫೂರ್ತಿ ತಾನೇ ಶುರು ಮಾಡಿದಳು. "ಗೊತ್ತು ನನಗ, ಯಾಕ ಕರದಿ ಅಂತ. ಅತ್ತಿ ಒಪ್ಪಲಿಲ್ಲ ಅನ್ನೂ."

"ಒಪ್ಯಾರ ಅಂತ ನೀನ ಹೇಳಿದ್ದಿ."

"ಒಪ್ಪತಾರ ಅಂದ್ಕೊಂಡಿದ್ದೆ. ಕೇಳಾಕ ಧೈರ್ಯನ ಬರಲಿಲ್ಲ. ನಿನ್ನಿ ಮಧ್ಯಾಹ್ನ ಕೇಳಿದೆ. ಅಂಥೋರನ್ನ ಕರದ್ರ ಮುತ್ತೈದೇರು ಬರೂದು ಬಿಡತಾರ, ಅಂಗಡಿಗೆ ಒಳ್ಳೇದಲ್ಲ ಅಂದ್ರು. ನಾ ಏನ್ ಮಾಡ್ಲಿ? ನಿನ್ನ ಡ್ರಾಫ್ಟ್ ಮುಟ್ಟಿಲ್ಲ, ಹಂಗ ಐತಿ ನೋಡು. ಮುಂದಿನ ವರ್ಷ ಮಾಡೂಣು."

"ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀ ಅಳತಿದ್ದಿ. ನಿನ್ನ ಅಳು ನೋಡಾಕ ನನಗ ಆಗಂಗಿಲ್ಲ."

"ಅದಕ್ಕ ಆ ಟ್ಯಾಗ್ ಹಾಕಿದಿ."

"ಮತ್ತ ಯಾರ್ಯಾರು ಅಂತ ನನಗ ಹೆಂಗ ಗೊತ್ತಾಗಬೇಕು? ನೀ ಎಷ್ಟು ಛಲೋ ಮಾಡಿಟ್ಟಿದ್ದಿ, ಒಂದ ಸಲ ಒತ್ತಿದ್ದಕ್ಕ ಎಲ್ಲಾ ಬೇರೆ ಆದ್ರು."

ಹೊಗಳಿಕೆಯ ಮಾತೇ ಅದು. ಮನಸ್ಸಿನಲ್ಲಿ ವಿಷವಿಟ್ಟುಕೊಂಡು ಆಡಿದ್ದಾದರೆ ಎದುರು ಒಂದು ಮಾತು ಎಸೆಯಬಹುದಿತ್ತು. ಸ್ಫೂರ್ತಿಯ ಮುಖದಲ್ಲಿ ವಿಷವಿರಲಿಲ್ಲ, ಹೂವಿನವಳಿಗೆ ಹೇಳಿ ಬಂದ ಮೊಳದ ಲೆಕ್ಕ ಮರೆತೀತು ಎಂಬ ಅವಸರವಿತ್ತು. ಕಾಲುವೆ ದಂಡೆಯಲ್ಲಿ ತುಂಬಿಬಂದ ಆ ಕಣ್ಣೀರೂ ಸುಳ್ಳಲ್ಲ ಎಂದು ಅನ್ನಪೂರ್ಣಳಿಗೆ ಅನಿಸಿತು, ಸುಳ್ಳಲ್ಲದ್ದರಿಂದಲೇ ಹೆಚ್ಚು ಅಸಹ್ಯವಾಯಿತು. ಇವಳು ನನ್ನ ಜೊತೆ ಅಳುತ್ತಾಳೆ, ಅವಳ ಅತ್ತೆಯ ಜೊತೆ ತಲೆಯಾಡಿಸುತ್ತಾಳೆ, ಎರಡೂ ನಿಜ. ನಾನು ಇವಳಿಗೆ ಯಾವತ್ತೂ ಡ್ರಾಫ್ಟೇ. ಆಡಿದ್ದು, ಅತ್ತಿದ್ದು, ಲೇ ಅಂದದ್ದು ಎಲ್ಲ ಅಲ್ಲೇ, ಆ ಮಿರ್ಚಿ ಗಾಡಿಯ ಹತ್ತಿರ. ಹೊರಗಿನವರ ಕಣ್ಣಿಗೆ ಬೀಳುವುದೇ ಬೇರೆ.

"ಅವ್ವ ಬರಾಕತ್ಯಾಳ," ಎಂದಳು ಅನ್ನಪೂರ್ಣ.

ಸ್ಫೂರ್ತಿಯ ಮುಖ ಬಿಳುಪೇರಿತು. "ಅವರಿಗೆ ಹೆಂಗ ಹೋತು ಮೆಸೇಜು?"

"ಟೆಸ್ಟ್ ಕಳಿಸಿದ್ದೆ."

"ಅಯ್ಯ ಅನ್ನೂ. ಡ್ರಾಫ್ಟನ್ಯಾಗಿಂದು ಹೊರಗಿನೋರಿಗೆ ಕಳಿಸಬಾರದು ಅಂತ ನೀನ ನನಗ ಕಲಿಸಿದ್ದಿ."

ಹೊರಗಿನವರು. ಅನ್ನಪೂರ್ಣ ಬಗ್ಗಿ ನೋಡಿದಳು. ಕೆಳಗೆ ಮೆಟ್ಟಿಲ ಬುಡದಲ್ಲಿ ಅಂಗಡಿಯ ಹುಡುಗ ಹುಲಿಗೇಶ್ ಟ್ಯಾಬ್ ಹಿಡಿದು ಕುಳಿತಾಗಿತ್ತು. ಬಂದವರ ಫೋನ್ ನಂಬರ್ ಹೊಡೆದು, ಹೆಸರು ಇದ್ದರೆ ಕೈಗೆ ಒಂದು ಗುಲಾಬಿ ಚೀಟಿ ಕೊಟ್ಟು ಮೇಲೆ ಬಿಡುತ್ತಿದ್ದ. ಅವ್ವನ ನಂಬರನ್ನು ಈಗ ತಾನೇ ಸೇರಿಸಬಹುದು, ಅದೇನು ಮಹಾ ಕೆಲಸ. ಆದರೆ ಮೇಲೆ ಕುಳಿತ ನೀಲಗಂಗಮ್ಮನವರ ಕಣ್ಣು ಮೊದಲು ಹೋಗುವುದು ಕೊರಳಿಗೆ, ಆಮೇಲೆ ಹಣೆಗೆ. ಎಲ್ಲರ ಎದುರು ಅವರು ಕೈ ಹಿಂದಕ್ಕೆ ಎಳೆದುಕೊಂಡರೆ? ಕೆಳಗೆ ಹುಲಿಗೇಶನಿಂದ ತಿರುಗಿ ಹೋಗುವುದೋ, ಮೇಲೆ ಅವರಿಂದ ತಿರುಗಿ ಬರುವುದೋ, ಇಷ್ಟೇ ಆಯ್ಕೆ. ಮೂರನೆಯದನ್ನು ಸ್ಫೂರ್ತಿಯೇ ಹುಡುಕಿದಳು.

"ಒಂದು ಕೆಲಸ ಮಾಡೂಣು. ಹಿಂದಿನ ಪ್ಯಾಕಿಂಗ್ ರೂಮಿಗೆ ಕರಕೊಂಡು ಬಾ. ನಾನ ತುಂಬತೀನಿ. ಒಳ್ಳೆ ಖಣ ಹಾಕ್ತೀನಿ. ಅವರಿಗೂ ಸಮಾಧಾನ, ಅತ್ತಿಗೂ ಗೊತ್ತಾಗಂಗಿಲ್ಲ."

ಥೂ ಎನ್ನಬೇಕಿತ್ತು. ಕೆಲಸಕ್ಕೆ ಇವತ್ತೇ ಕೊನೆ ಎಂದು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಅವ್ವನನ್ನು ಅಲ್ಲೇ ತಡೆದು, ಹೊಟೇಲಿನಲ್ಲಿ ದೋಸೆ ತಿನ್ನಿಸಿ ಹಂಪಿಗೆ ಕರೆದುಕೊಂಡು ಹೋಗಬಹುದಿತ್ತು. ಆಮೇಲೆ ಅವಳಿಗೆ ಇದೆಲ್ಲ ಹೊಳೆಯುತ್ತದೆ, ಮಲಗಿದಾಗ, ಬಟ್ಟೆ ಒಗೆಯುವಾಗ, ಹೊಳೆಯುತ್ತಲೇ ಇರುತ್ತದೆ. ಆ ಗಳಿಗೆಯಲ್ಲಿ ಅವಳು ಹೂಂ ಎಂದು ತಲೆಯಾಡಿಸಿದಳು. ಬರೀ ತಲೆಯಾಡಿಸಿದ್ದರೆ ಹೋಗಲಿ. ಅವ್ವ ಎಲ್ಲರ ಎದುರು ನಿಲ್ಲುವುದು ತಪ್ಪಿತಲ್ಲ ಎಂದು ಎದೆ ಹಗುರಾಗಿ, ಆ ಹಗುರದಲ್ಲಿ ಬಾಯಿಂದ 'ಥ್ಯಾಂಕ್ಸ್' ಎಂಬ ಮಾತು ಹೊರಟೇ ಹೋಯಿತು. ಸ್ಫೂರ್ತಿ ಅವಳ ಭುಜ ತಟ್ಟಿ ಕೆಳಗಿಳಿದಳು.

ತಾಯಕ್ಕ ಬಂದಾಗ ಬಾಗಿಲಲ್ಲಿ ಹೆಂಗಸರ ನೂಕುನುಗ್ಗಲು. ಅವಳು ನುಗ್ಗಲಿಲ್ಲ, ಪಾಳಿಯಲ್ಲಿ ನಿಂತಿದ್ದಳು. ನೀಲಿ ಅಂಚಿನ ಬೂದು ಸೀರೆ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಕಾಲಿನ ಬೆರಳ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಗದ್ದೆಯ ಮಣ್ಣು. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಮೆಸೇಜು ತೆರೆದೇ ಇತ್ತು. ಪರದೆ ಆರಿದಾಗಲೆಲ್ಲ ಹೆಬ್ಬೆರಳಿನಿಂದ ಮುಟ್ಟಿ ಎಬ್ಬಿಸುತ್ತಿದ್ದಳು. ಹುಲಿಗೇಶನನ್ನು ಮುಟ್ಟಲು ಅವಳ ಮುಂದೆ ಇನ್ನು ಇಬ್ಬರೇ ಉಳಿದಿದ್ದರು. ಅನ್ನಪೂರ್ಣ ಓಡಿ ಹೋಗಿ ತೋಳು ಹಿಡಿದಳು.

"ಈ ಕಡೆ ಬಾರವ್ವಾ."

"ಪಾಳಿ ಬಂತಲ್ಲ ಇನ್ನೇನು."

"ಮ್ಯಾಲ ಭಾಳ ಸೆಕಿ. ನಿನಗ ಬ್ಯಾರೆ ಕಡೆ ಮಾಡ್ಯಾರ."

ತಾಯಕ್ಕನ ಮುಖ ಅರಳಿತು. ಹಿಂದೆ ನಿಂತ ಹೆಂಗಸಿಗೆ, ಪರಿಚಯವೇ ಇಲ್ಲದವಳಿಗೆ, "ಮಗಳು ಇಲ್ಲೇ ಕೆಲಸಕ್ಕ ಅದಾಳ್ರಿ" ಎಂದು ಹೇಳಿ ಪಾಳಿ ಬಿಟ್ಟಳು. ಅನ್ನಪೂರ್ಣ ಅವಳನ್ನು ಸೀರೆಯ ಕಪಾಟುಗಳ ಸಂದಿಯಿಂದ, ನೀರಿನ ಡ್ರಮ್ ದಾಟಿ, ಹಿಂದಿನ ಓಣಿಯ ಕಡೆಗೆ ನಡೆಸಿದಳು. ತನ್ನ ಬೆನ್ನಿಗೆ ಅವ್ವನ ಚಪ್ಪಲಿಯ ಸದ್ದು ಮೊದಲು ಚುರುಕಾಗಿದ್ದು ನಿಧಾನವಾಗುತ್ತಾ ಬಂದದ್ದನ್ನು ಕೇಳುತ್ತಲೇ ನಡೆದಳು. ತಿರುಗಿ ನೋಡಲಿಲ್ಲ.

ಪ್ಯಾಕಿಂಗ್ ರೂಮಿನಲ್ಲಿ ಟೇಪಿನ ಉರುಳೆಗಳು, ರಟ್ಟಿನ ಡಬ್ಬಿಗಳು, ಒಂದು ಮುರಿದ ಗೊಂಬೆಗೆ ಉಡಿಸಿದ ಹಳೆಯ ರೇಷ್ಮೆ ಸೀರೆ. ಎರಡು ಡಬ್ಬಿಗಳನ್ನು ಜೋಡಿಸಿ ಮೇಲೆ ಬೆಡ್‌ಶೀಟು ಹಾಸಿ ಕುಳಿತುಕೊಳ್ಳಲು ಜಾಗ ಮಾಡಿದ್ದರು. ಸ್ಫೂರ್ತಿ ತಟ್ಟೆ ಹಿಡಿದು ನಿಂತಿದ್ದಳು. "ಬರ್ರಿ ದೊಡ್ಡಮ್ಮಾರ, ಕುಂದ್ರಿ" ಎಂದು ಉಪಚಾರ ಮಾಡಿ, ಹಿಂದೆ ಸರಿದು ಬಾಗಿಲು ಹಾಕಿ ಚಿಲಕ ಸರಿಸಿದಳು. ತಾಯಕ್ಕ ಕೂಡಲಿಲ್ಲ. ರೂಮನ್ನು ಒಂದು ಸಲ ನೋಡಿದಳು, ಚಿಲಕ ನೋಡಿದಳು. ಗದ್ದೆಗೆ ಇಳಿದ ಕೂಡಲೇ ನೀರು ಎಷ್ಟಿದೆ, ಸಸಿ ಎಷ್ಟು ಬೇಕು ಎಂದು ಒಂದೇ ನೋಟಕ್ಕೆ ಹೇಳುವವಳು ಅವಳು.

"ಕದಾ ಯಾಕ ಹಾಕಿದ್ರಿ?"

"ಧೂಳು ಬರ್ತೈತ್ರಿ ಓಣ್ಯಾಗಿಂದು."

"ಮ್ಯಾಲೂ ಹಿಂಗ ಕದಾ ಹಾಕ್ಕೊಂಡು ತುಂಬತಾರೇನು?"

ಸ್ಫೂರ್ತಿ ಅನ್ನಪೂರ್ಣಳ ಕಡೆ ನೋಡಿದಳು. ಅನ್ನಪೂರ್ಣ ಗೊಂಬೆಯ ಕಡೆ ನೋಡಿದಳು. ತಾಯಕ್ಕ ಕಾಯುತ್ತಿದ್ದಳು, ಉತ್ತರ ಸಿಗುವವರೆಗೂ ಕಾಯುವವರು ನಿಲ್ಲುವ ಹಾಗೆ ನಿಂತಿದ್ದಳು. ಮೇಲಿನ ಮಹಡಿಯಿಂದ ಹೆಂಗಸರ ಹಾಡಿನ ದನಿ ಗೋಡೆಯಲ್ಲಿ ಇಳಿದು ಬರುತ್ತಿತ್ತು. ಸ್ಫೂರ್ತಿಯ ಕೈಬಳೆ ತಟ್ಟೆಗೆ ತಾಗಿ ಸಣ್ಣಗೆ ಸದ್ದಾಯಿತು.

"ನನಗೇನಿಲ್ರಿ ದೊಡ್ಡಮ್ಮಾರ," ಎಂದಳು ಸ್ಫೂರ್ತಿ. "ಇಲ್ಲೇ ತುಂಬೂಣು ಅಂತ ಅನ್ನಪೂರ್ಣಾನ ಒಪ್ಪಿದ್ಲು. ಅಕೀನ್ನ ಕೇಳ್ರಿ."

ಇಷ್ಟು ಸುಲಭವಾಗಿ ಆಡಬಹುದು ಎಂದು ಅನ್ನಪೂರ್ಣಳಿಗೆ ಗೊತ್ತಿರಲಿಲ್ಲ. ಸುಳ್ಳು ಎಂದು ಕೂಗಲು ಬಾಯಿ ತೆರೆದಳು. ಆದರೆ ಸುಳ್ಳು ಎಲ್ಲಿದೆ? ಒಪ್ಪಿದ್ದಳು. ಥ್ಯಾಂಕ್ಸ್ ಕೂಡ ಹೇಳಿದ್ದಳು. ಅದರ ಹಿಂದಿನದನ್ನೆಲ್ಲ ಹೇಳಬೇಕೆಂದರೆ ಟ್ಯಾಗಿನಿಂದ ಶುರು ಮಾಡಬೇಕು, ಟ್ಯಾಗ್ ಯಾರು ಹಾಕಿದರು ಎಂದರೆ ಮತ್ತೆ ಅವಳೇ. ಎಲ್ಲಿಂದ ಎಳೆದರೂ ದಾರ ಬಂದು ಅವಳ ಬೆರಳಿಗೇ ಸುತ್ತುತ್ತಿತ್ತು. ಸ್ಫೂರ್ತಿ ಅದನ್ನು ಬಲ್ಲವಳ ಹಾಗೆ ನೆಲ ನೋಡುತ್ತಾ ನಿಂತಿದ್ದಳು.

"ಹೌದೇನಬೇ?" ತಾಯಕ್ಕ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೂಂನವ್ವಾ."

ತಾಯಕ್ಕ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಖದ ಬೆವರು ಒರೆಸಿಕೊಂಡಳು. ಎದ್ದು ಹೋಗಲು ಇಲ್ಲಿ ಯಾವ ನೆವವೂ ಅವಳಿಗೆ ಸಿಗಲಿಲ್ಲವೋ, ಹುಡುಕಲೇ ಇಲ್ಲವೋ. ಡಬ್ಬಿಗಳ ಮೇಲೆ ಕುಳಿತು, ಸೆರಗನ್ನು ಬಿಡಿಸಿ, ಎರಡೂ ಕೈಯಲ್ಲಿ ಅಗಲಿಸಿ ಮುಂದೆ ಹಿಡಿದಳು.

"ತುಂಬ್ರಿ ಹಂಗಾರ," ಎಂದಳು. "ಮಗಳು ಇಲ್ಲಿ ಕೆಲಸ ಮಾಡಬೇಕಲ್ಲ."

ಅವಳ ಕಣ್ಣು ಸ್ಫೂರ್ತಿಯ ಮೇಲಿರಲಿಲ್ಲ, ಮಗಳ ಮೇಲಿತ್ತು. ಸ್ಫೂರ್ತಿ ಅಕ್ಕಿಗೆ ಕೈ ಹಾಕಲು ಹೋಗಿ, ಒಂದೇ ಕೈಯಲ್ಲಿ ಸಂಭಾಳಿಸಲಾಗದೆ, ಅನ್ನಪೂರ್ಣಳ ಕಡೆ ತಟ್ಟೆ ಚಾಚಿದಳು. ಅನ್ನಪೂರ್ಣ ತಟ್ಟೆ ಹಿಡಿದುಕೊಂಡಳು.